ಬೋರವ್ವನ ಮರಿಯ ಎಲುಬು

ನವೆಂಬರ್ ೧೮, ಮಧ್ಯಾಹ್ನ

ಬೆಳಗಿನಿಂದ ಎರಡು ಎಮ್ಮೆ, ಹೊಟ್ಟೆ ಉಬ್ಬಿದ ಒಂದು ಆಡು. ಚಹಾ ಆರಿಹೋಯಿತು. ಆಮೇಲೆ ಬನಹಟ್ಟಿಯ ನೇಕಾರರ ಮನೆಯ ಬೋರವ್ವ, ಸೆರಗಿನೊಳಗೆ ಮಂಗನ ಮರಿ. ತಾಯಿ ಕರೆಂಟ್ ತಂತಿಗೆ ಸಿಕ್ಕು ಸತ್ತಿತ್ತಂತೆ. ಯಾವಾಗ ಎಂದರೆ “ಮೊನ್ನಿ ಮೊನ್ನಿ” ಅನ್ನುತ್ತಾಳೆ. ಅರಣ್ಯ ಇಲಾಖೆಯ ಬಸವಕುಮಾರನಿಗೆ ಮರಿಯ ವಯಸ್ಸು ಬೇಕು. ವರ್ಷ ದಾಟಿದ್ದರೆ ಗುಂಪಿಗೆ ಬಿಡಬೇಕು. ಇಲ್ಲವಾದರೆ ಸದ್ಯ ಬೋರವ್ವನ ಬಳಿಯೇ.

“ಹಾಲ ಕುಡಿಯೂ ಕೂಸರೀ, ಡಾಕ್ಟರ ಬಾಯಾರ. ಹಂಗ ಬರದ ಕೊಡ್ರಿ.”

ಹಲ್ಲು ನೋಡಲು ಮರಿಯ ಬಾಯಿ ತೆರೆಸಹೋದೆ. ಕಚ್ಚಿತು, ಮಂಗ್ಯಾನ ಮಗ! ಬೈದಂತೆಯೂ ಆಗಲಿಲ್ಲ, ಇರುವುದೇ ಅದು.

ನವೆಂಬರ್ ೨೦

ಜಮಖಂಡಿಯಲ್ಲಿ ಎಕ್ಸ್‌ರೇ. ಮಂಪರಿಗೆ ಇಂಜೆಕ್ಷನ್ ಕೊಟ್ಟೆ. ಮಣಿಕಟ್ಟಿನ ಎಲುಬು ನೋಡಿದರೆ ಆರು ತಿಂಗಳು ಮೀರಿಲ್ಲ. ಬೋರವ್ವನ ಮುಖ ಅರಳಿತು. “ನಾ ಹೇಳಿದ್ನಿಲ್ರೀ?”

ಮಂಪರಿನಲ್ಲೇ ಬಾಯಿ ತೆರೆಸಿದೆ. ಹಿಂದೆ ಕಾಯಂ ದವಡೆ ಹಲ್ಲು, ಎರಡೂ ಕಡೆ. ಅಂದರೆ ಒಂದೂವರೆ ವರ್ಷ... ಎಲುಬು ಒಂದು ಹೇಳುತ್ತದೆ, ಹಲ್ಲು ಇನ್ನೊಂದು. ತಲೆ ಕೆಟ್ಟುಹೋಯಿತು. ಏನೂ ಬರೆದುಕೊಡಲಿಲ್ಲ.

ನವೆಂಬರ್ ೨೨

ಬೋರವ್ವನ ಮನೆಗೆ ಹೋಗಿದ್ದೆ. ಮಗ ಮಲ್ಲಿನಾಥನ ಪವರ್‌ಲೂಮ್ ಗದ್ದಲ. ಮರಿ ಇರುವುದು ಅದರ ಹಿಂದಿನ ಕೋಣೆಯಲ್ಲಿ. ಹಗಲಲ್ಲೂ ಲೈಟು. ಕಿಟಕಿಗೆ ಗೋಣಿಚೀಲ ಬಡಿದಿದ್ದಾರೆ.

“ಬಿಸಲಿಗೆ ತರೂದಿಲ್ಲೇನ ಆಯಿ?”

“ಅಯ್ಯ ನಮ್ಮವ್ವ! ಮಾಳಗಿ ಮ್ಯಾಲೆ ಮಂಗ್ಯಾನ ಹಿಂಡ ಬರ್ತೈತ್ರಿ. ಎಳಕೊಂಡ ಹೋದ್ರ?”

ಆಗ ಹೊಳೆಯಿತು. ಬಿಸಿಲಿಲ್ಲದೆ ಎಲುಬು ಬಲಿತಿಲ್ಲ. ಮರಿ ಎಳೆಯದಲ್ಲ, ಬೆಳೆದಿಲ್ಲ ಅಷ್ಟೇ. ಹೇಳಿದೆ. ಮಲ್ಲಿನಾಥ ಮಗ್ಗ ನಿಲ್ಲಿಸಿದ. “ಹ್ವಾದ ವರ್ಷ ತಂದದ್ರಿ ಅದು. ನಮ್ಮವ್ವ ಸುಳ್ಳ ಹೇಳ್ಯಾಳ.”

ಬೋರವ್ವ ಮರಿಯ ಸೊಟ್ಟ ಕಾಲು ಸವರುತ್ತ ಕೂತಳು. “ಅಂದ್ರ ನಾನ ಇದನ್ನ ಹಿಂಗ ಮಾಡಿದ್ನೇನ್ರಿ?” ಎಂದಳು. ಬೈಯಬೇಕೆಂದಿದ್ದೆ. ಆಗಲಿಲ್ಲ, ಸಂಕಟವಾಯಿತು. ಒಂದೂವರೆ ವರ್ಷ ಎಂದು ಬರೆದುಕೊಟ್ಟೆ. ಕಾಲು ಗಟ್ಟಿಯಾಗುವವರೆಗೆ ಬಿಸಿಲು, ಕ್ಯಾಲ್ಸಿಯಂ. ಆಮೇಲೆ ಗುಂಪಿಗೆ.

ಜನವರಿ ೯

ಎರಡನೇ ಎಕ್ಸ್‌ರೇ. ಎಲುಬಿನ ತುದಿಯಲ್ಲಿ ತೆಳುವಾದ ಬಿಳಿ ಗೆರೆ — ಖುಷಿಯಿಂದ ಕೂಗಿಯೇಬಿಟ್ಟೆ. ಬೋರವ್ವ ದಿನಾ ಮುಂಜಾನೆ ತಾನೇ ಮರಿಯನ್ನು ಮಾಳಿಗೆಗೆ ಒಯ್ದು ಬಿಸಿಲಲ್ಲಿ ಕೂರುತ್ತಾಳೆ. ನೀರಿನ ಟ್ಯಾಂಕಿನ ಮೇಲಿಂದ ಒಂದು ಹೆಣ್ಣು ಮಂಗ ನೋಡುತ್ತಿರುತ್ತದಂತೆ.

ಫಿಲ್ಮ್ ಬೆಳಕಿಗೆ ಹಿಡಿದು ಕೇಳಿದಳು. “ಇದು ಹೊಸಾ ಎಲುಬೇನ್ರಿ?”

“ಹೌದು ಆಯಿ.”

“ಅಂದ್ರ ಇನ್ನ ಹೋಗತೈತಿ, ಬಿಡ್ರಿ.”

ಫೆಬ್ರುವರಿ ೩, ಸಂಜೆ

ಬೋರವ್ವ ಒಬ್ಬಳೇ ಬಂದಳು. ಟ್ಯಾಂಕಿನ ಹೆಣ್ಣು ಮಂಗ ಇಳಿದು ಬಂದು ಮರಿಯ ಹೇನು ಹೆಕ್ಕಿತಂತೆ. ಆಮೇಲೆ ಮರಿ ಅದರ ಹಿಂದೆಯೇ. ಗೋಡೆ ಹಾರಿತಂತೆ! ಆ ಕಾಲಲ್ಲಿ!

“ತಿರಗಿ ಸೈತ ನೋಡ್ಲಿಲ್ರಿ.”

ಚಹಾ ತರಿಸಿದೆ. ಮುಟ್ಟಲಿಲ್ಲ.

“ಕಿಟಕಿ ಚೀಲ ಕಿತ್ತಬಿಟ್ಟೀನ್ರಿ.”

“ಥಂಡಿ ಆಗೂದಿಲ್ಲೇನ ಆಯಿ?”

“ಆಗ್ತೈತ್ರಿ. ಆದ್ರ ಅದು ಬಂದ್ರ...”

ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಅವಳ ಕೈ ಹಿಡಿದುಕೊಂಡು ಕೂತೆ.