ಮುಳ್ಳುಹಂದಿ ಬಾಣ ಬಿಡಲಿಲ್ಲ

ಸಂಡೂರು, ಭಾನುವಾರ

ಅವ್ವಾ,

ಇವತ್ತು ನಸುಕಿನಲ್ಲಿ ಪ್ರವಾಸಿಗರನ್ನು ಕಾಡಿಗೆ ಕರೆದೊಯ್ದಾಗ ಮುಳ್ಳುಹಂದಿ ಎದುರಾಯಿತು. ನಮ್ಮ ಹಿರಿಯ ಗೈಡ್ ಓಬಳೇಶಣ್ಣ, “ದೂರ ಸರೀರಿ, ಬಾಣ ಬಿಡ್ತೈತಿ!” ಎಂದು ಕೂಗಿದ. ಅದು ಮುಳ್ಳು ನಿಮಿರಿಸಿ, ಬೆನ್ನು ತಿರುಗಿಸಿ, ಗಲಗಲ ಸದ್ದು ಮಾಡುತ್ತ ಹಿಂದಿಂದಕ್ಕೇ ನಮ್ಮತ್ತ ನುಗ್ಗಿ, ಆಮೇಲೆ ಪೊದೆ ಸೇರಿತು. ನಾನು ಎಲ್ಲರೆದುರೇ, “ಬಾಣ ಸುಳ್ಳಣ್ಣ, ಒಂದೂ ಬಿಡಲಿಲ್ಲ” ಎಂದುಬಿಟ್ಟೆ. ಬಾಯಿ ತಡೆಯದೆ ಹಿಂದಿನ ಕೆಲಸ ಕಳೆದುಕೊಂಡ ಹಾಗೆ ಈ ಕೆಲಸವೂ ಹೋಯಿತು ಅಂದುಕೊಂಡೆ. ಅಣ್ಣ ನಕ್ಕು, “ಕಣ್ಣು ಭಾಳ ಚುರುಕಲೇ ನಿನ್ನವು. ನಾಳಿಂದ ನೀನ ಮುಂದ ನಡಿ” ಎಂದ.

ಹೋದ ಸಲ ಬರೆದಿದ್ದೆನಲ್ಲ, ಆ ಕಾಲಿನ ಗಾಯ ಒಣಗಿದೆ. ಇವತ್ತು ದಾರಿಯಲ್ಲಿ ಮುಳ್ಳುಹಂದಿಯ ಉದುರಿದ ಮುಳ್ಳೊಂದು ಸಿಕ್ಕಿತ್ತು. ಮನೆಯಲ್ಲಿಟ್ಟರೆ ಜಗಳ ಎನ್ನುತ್ತೀಯಲ್ಲ, ಅಲ್ಲೇ ಬಿಟ್ಟೆ. ನಾನು ಶಾಲೆ ಬಿಟ್ಟಾಗ ಅಪ್ಪನ ಜೊತೆ ಆದ ಜಗಳವೇ ಇನ್ನೂ ಮುಗಿದಿಲ್ಲ. ಇದನ್ನು ಅಪ್ಪನಿಗೂ ಓದಿ ಹೇಳು. ಹಬ್ಬಕ್ಕೆ ಬರಲೇ, ಕೇಳು.

ಕನಕ