ಕೆಳಗಿನ ಚಿಲಕ

ಬೈಲಹೊಂಗಲ
೯–೩–೨೦೦೩

ಯಶೋಧಕ್ಕನಿಗೆ ದಿಲಶಾದಬಿಯ ಸಲಾಂ.

ಮತ್ತೆ ಅದೇ ಕೆಟ್ಟ ಕನಸು ಬಿತ್ತಕ್ಕ. ನಮ್ಮ ಖಾಲಿದ್ ಹೊರಗಿನ ಖೋಲಿಯ ಮುಂದೆ ಒದ್ದೆಯಾಗಿ ನಿಂತಿದ್ದ. ಬಾಗಿಲಿಗೆ ಬೇರೆಯವರ ಕೀಲಿ. "ಅಮ್ಮೀ, ನನ್ನ ಖೋಲಿ ಯಾರಿಗಿ ಕೊಟ್ಟಿ?" ಅಂದ.

ಉತ್ತರ ತಡವಾಯಿತು, ಬೈಯಬೇಡ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು, ಒಂದು ಸಾಲು ಬರೆದು ಎರಡು ಸಾಲು ಹೊಡೆದುಹಾಕುತ್ತೇನೆ.

ಹೋದ ಮಳೆಗಾಲ ಅವನ ಲಾರಿ ಹೊಳೆಗೆ ಬಿದ್ದಾಗ ಲಾರಿ ಸಿಕ್ಕಿತು, ಮಗ ಸಿಗಲಿಲ್ಲ. ಖಾಲಿ ಖೋಲಿ ನೋಡಲಾರದೆ ಹೊಲಿಗೆಯ ತಾಯವ್ವನನ್ನು ಬಾಡಿಗೆಗೆ ಇಟ್ಟುಕೊಂಡವರು ನಾವೇ. ಆಮೇಲೆ ಈ ಕನಸು ಶುರುವಾಯಿತು. ಅವನು ಬಂದರೆ ಎಲ್ಲಿ ಮಲಗಬೇಕು ಎಂಬ ಚಿಂತೆ ಹತ್ತಿತು. ಕನಸು ಹೇಳಿ, ಖೋಲಿ ಬಿಡಲು ತಾಯವ್ವನಿಗೆ ಹೇಳಿಯೇಬಿಟ್ಟೆ.

ತಾಯವ್ವ ಹೊಲಿಗೆ ಮಷೀನು ನಿಲ್ಲಿಸದೆ ಅಂದಳು, "ಬಾಡಿಗಿ ಹೆಚ್ಚ ಬೇಕಂದ್ರ ಬಾಯಿಬಿಟ್ಟ ಹೇಳ್ರಿ ಬೀಬಿ, ಕನಸಿನ ಮ್ಯಾಲ ಯಾಕ ಹಾಕ್ತೀರಿ?"

ನಮ್ಮ ಮನೆಯವರೂ ಸಿಟ್ಟಾದರು. "ಬದುಕಿದ್ದ ಹೆಂಗಸನ್ನ ಬೀದಿಗಿ ಹಾಕಿ, ಇಲ್ಲದವಗ ಹಾಸಗಿ ಹಾಸ್ತೀ ಏನ?"

"ಇಲ್ಲಂತ ಯಾರ ನೋಡ್ಯಾರ?" ಅಂದೆ. ಇವರು ಟೋಪಿ ಹಾಕಿಕೊಂಡು ನಮಾಜಿಗೆ ಹೊರಟುಹೋದರು.

ಪುಣ್ಯಕ್ಕೆ ತಾಯವ್ವನಿಗೆ ಸವದತ್ತಿಯಲ್ಲಿ ನಿನ್ನ ಬಾಜೂ ಮನೆಯೇ ಸಿಕ್ಕಿತು. ಅವಳಿಗೆ ಹೊಲಿಯಲು ನಿನ್ನ ಕುಪ್ಪಸ ಕೊಡು. ನನ್ನ ಮೇಲಿನ ಸಿಟ್ಟು ಇಳಿದಿದೆಯೋ ನೋಡು.

ಈಗ ಇವರು ಬರುವ ಜುಮೇರಾತ, ಅಂದರೆ ಗುರುವಾರ, ಆ ಖೋಲಿಯಲ್ಲೇ ಖಾಲಿದ್‌ನ ಹೆಸರಿನಲ್ಲಿ ಫಾತಿಹಾ ಓದಿಸುತ್ತಾರಂತೆ. ಸತ್ತವರಿಗೆ ಓದಿಸುವುದು ಅದು. ನಾನು ಇನ್ನೂ ಹೂಂ ಅಂದಿಲ್ಲ.

ನಿನ್ನ ಮಕ್ಕಳು ಮರಿ ತಣ್ಣಗಿರಲಿ. ಅಲ್ಲಾಹ ನಿನ್ನ ಬಾಗಿಲು ಕಾಯಲಿ.

ನಿನ್ನ
ದಿಲಶಾದ

ತಾ.ಕ.: ಟೆಂಪೋ ಹತ್ತುವಾಗ ತಾಯವ್ವ ಅಂದ ಮಾತು ನಿನಗೆ ಬರೆದಿದ್ದೆನಲ್ಲ: "ದಿನಾ ನಸುಕಿನ್ಯಾಗ ಚಿಲಕಾ ಅಲುಗಾಡಸ್ತೈತಿ ನಿಮ್ಮ ಬೆಕ್ಕ. ಇನ್ನ ನೀವ ಎದ್ದ ಬಾಗಲಾ ತಗೀರಿ." ನಮ್ಮಲ್ಲಿ ಬೆಕ್ಕಿಲ್ಲ, ನಿನಗೆ ಗೊತ್ತು. ಅವಳು ಹೋದಂದಿನಿಂದ ನಾನೇ ಅಲ್ಲಿ ಮಲಗುತ್ತಿದ್ದೇನೆ. ಚಿಲಕ ಒಮ್ಮೆಯೂ ಅಲುಗಾಡಿಲ್ಲ. ಬಂದು ಬಂದು, ತನ್ನ ಬಾಗಿಲಲ್ಲಿ ಬೇರೆಯವರ ಮುಖ ಕಂಡು ತಿರುಗಿ ಹೋದನೇನೋ.

ಆ ಬಾಗಿಲಿಗೆ ಹೊರಗೆ ಎರಡು ಚಿಲಕ; ಸಣ್ಣವನಿದ್ದಾಗ ಅವನಿಗೆ ಮೇಲಿನದು ನಿಲುಕುತ್ತಿರಲಿಲ್ಲ. ದೊಡ್ಡವನಾಗಿ ಲಾರಿ ಹೊಡೆಯುವಾಗಲೂ ಬಗ್ಗಿ ಕೆಳಗಿನದನ್ನೇ ಬಡಿಯುತ್ತಿದ್ದ. ಅಲುಗಾಡುತ್ತಿದ್ದದ್ದು ಯಾವ ಚಿಲಕವೆಂದು ತಾಯವ್ವನನ್ನು ಕೇಳು ಅಂದಿದ್ದೆ; ಮೇಲಿನದು ಅಂದಳೆಂದು ನೀನು ಬರೆದಿದ್ದೀ. ಅವಳು ಹೊಲಿಗೆಯ ಗಡಿಬಿಡಿಯಲ್ಲಿ ಹೇಳಿರಬೇಕು. ಜುಮೇರಾತಿನೊಳಗೆ ಅವಳನ್ನು ನಿನ್ನ ಬಾಗಿಲ ಮುಂದೆ ನಿಲ್ಲಿಸಿ, ಚಿಲಕ ಮುಟ್ಟಿ ತೋರಿಸೆಂದು ಇನ್ನೊಮ್ಮೆ ಕೇಳಕ್ಕ: ಮೇಲಿನದೋ, ಕೆಳಗಿನದೋ.