ಬಿಚ್ಚಿ ತೋರಿಸಿದ ಅಂಚು

ಮಾರ್ಚ್ 3, ಬೆಳಿಗ್ಗೆ
ಟೋಪಿ ಹೆಣೆಯೋಕೆ ತೆಂಗಿನ ಸುಳಿಗರಿ ಬೇಯಿಸಿ ಒಣಹಾಕಿದೆ. ಕೋಳಿ ತುಳಿಯಿತು. ಟೋಪಿ ಅಂಚಿಗೆ ಬಂದು ನಿಂತಿದೆ. ಅಮ್ಮ ಹೆಣೆಯುತ್ತಿದ್ದ ಅಲೆಯಂಚು ಗೊತ್ತಿರುವುದು ನೂರೋವಾ ಅಕ್ಕನಿಗೆ ಮಾತ್ರ. ಅವಳು ದೂರದ ತೊಂಗರೇವ ದ್ವೀಪದಲ್ಲಿ, ನಾನು ಈ ರಾರೊಟೊಂಗಾ ದ್ವೀಪದಲ್ಲಿ. ಹಡಗು ಬಂದರೆ ಬಂತು. ನಾನು ಮದುವೆಯಾಗಿ ಊರು ಬಿಟ್ಟ ಸಿಟ್ಟಿಗೆ ಅಮ್ಮ ಅವಳಿಂದ ಮಾತು ತಗೊಂಡಳು — ಇವಳಿಗೆ ಹೆಣೆದು ತೋರಿಸಬೇಡ. ಈಗ ಅಕ್ಕನಿಗೆ ಎಂಬತ್ತೆರಡು. ಅವಳ ಜೊತೆ ಅಂಚೂ ಮಣ್ಣಿಗೆ ಹೋಗುತ್ತೆ.

ಮಾರ್ಚ್ 5
ಫೋನ್ ಮಾಡಿ ಕೆಣಕಿದೆ. "ಕ್ರಿಸ್‌ಮಸ್ಸಿನ ಫೋಟೊ ನೋಡಿದೆ ಅಕ್ಕಾ. ನಿನ್ನ ಟೋಪಿ ಅಂಚಲ್ಲಿ ಒಂದು ಎಳೆ ತಪ್ಪಿದೆ. ಕಣ್ಣು ಮಂಜಾಯ್ತೇನೋ, ಪಾಪ."
"ಮಂಜಾಗಿರೋದು ನಿನ್ನ ಬುದ್ಧಿ ಕಣೇ. ಒಂದೊಂದೇ ಎಳೆ ಬಿಚ್ಚಿ ವಿಡಿಯೊ ಕಳಿಸ್ತೀನಿ. ತಪ್ಪು ಎಲ್ಲಿದೆ ತೋರಿಸು."
ಫೋನಿಟ್ಟು ಮೊಮ್ಮಗಳು ತೆಕುರಾ ಮುಂದೆ ಕುಣಿದೆ. ಬಿಚ್ಚೋ ವಿಡಿಯೊನ ಉಲ್ಟಾ ಓಡಿಸಿದರೆ ಹೆಣೆಯೋದೇ ತಾನೇ…

ಮಾರ್ಚ್ 16
ಅಕ್ಕನಿಂದ ಮೂವತ್ತೊಂದು ವಿಡಿಯೊ ತುಣುಕು ಬಂತು. ಅಲ್ಲಿನ ನೆಟ್‌ವರ್ಕಿಗೆ ದೊಡ್ಡದು ನುಂಗೋಕಾಗಲ್ಲವಂತೆ.
"ಒಂದೊಂದೇ ಉಲ್ಟಾ ತಿರುಗಿಸ್ತಾ ಕೂರ್ತೀಯೇನೆ?"
"ಇಲ್ಲಜ್ಜಿ. ನಾಲ್ಕು ಸಾಲು ಪೈಥಾನ್ ಬರೀತೀನಿ. ವಿಡಿಯೊ ತಿರುಗಿಸೋ ಟೂಲನ್ನ ಅದೇ ಮೂವತ್ತೊಂದು ಸಲ ಕೂಗಿ ದುಡಿಸುತ್ತೆ."
ದ್ವೀಪದಲ್ಲಿ ಒಂದು ಹಾವಿಲ್ಲ, ಇವಳ ಕಂಪ್ಯೂಟರ್ ಭಾಷೆಗೆ ಹೆಬ್ಬಾವಿನ ಹೆಸರು. ಕಪ್ಪು ಪರದೆ ಮೇಲೆ ಅಕ್ಷರ ಇರುವೆ ಸಾಲಿನ ಹಾಗೆ ಓಡಿದವು. ಟಾರೊ ಗೆಡ್ಡೆ ಸುಲಿಯೋದರೊಳಗೆ ಮುಗಿಯಿತು.

ಮಾರ್ಚ್ 17
ನೋಡಿದೆ. ಒಂದು ತುಣುಕಲ್ಲಿ ಅಂಚು ಬೆಳೆಯುತ್ತೆ, ಮುಂದಿನದರಲ್ಲಿ ಥಟ್ಟನೆ ಗಿಡ್ಡ.
"ಸ್ಕ್ರಿಪ್ಟ್ ಸರಿಯಾಗಿದೆ ಅಜ್ಜಿ. ದೊಡ್ಡಜ್ಜಿ ಏನೋ ಕಲಸಿದ್ದಾರೆ."
"ಕೊನೆಗೆ ಬಿಚ್ಚಿದ್ದು ಮೊದಲು ಹೆಣೆದದ್ದು ಕಣೇ. ನೀನು ತುಣುಕು ತಿರುಗಿಸಿದೆ. ತುಣುಕುಗಳ ಸಾಲು ತಿರುಗಿಸಿದೆಯಾ?"
ಮತ್ತೆ ಕಪ್ಪು ಪರದೆ ತೆರೆದಳು. ಸ್ಕ್ರಿಪ್ಟಿಗೆ ಒಂದೇ ಪದ ಸೇರಿಸಿದಳು. ಅಂಚು ಮೊದಲಿಂದ ಕೊನೆವರೆಗೆ ಅಲೆ ಎದ್ದ ಹಾಗೆ ಬೆಳೆಯಿತು. ಅಕ್ಕನ ಬೆರಳು, ಥೇಟ್ ಅಮ್ಮನ ಬೆರಳು.
ಮೂರನೇ ಕ್ಲಾಸಿಗೇ ಓದು ಬಿಟ್ಟ ನಾನು ಕಂಪ್ಯೂಟರಿನ ತಪ್ಪು ಹಿಡಿದೆ. ಬರೆದಿಡುತ್ತೇನೆ, ಇವಳು ಆಮೇಲೆ ಇಲ್ಲ ಅಂದಾಳು.

ಏಪ್ರಿಲ್ 5, ಭಾನುವಾರ
ಚರ್ಚಿನಿಂದ ಬಂದೆ. ಹಿಂದಿನ ಬೆಂಚಿನವರು ಪಾದ್ರಿಯನ್ನು ಬಿಟ್ಟು ನನ್ನ ಅಲೆಯಂಚಿನ ಟೋಪಿ ನೋಡಿದರು. ದೇವರು ಕ್ಷಮಿಸಲಿ, ನಾನೂ ಕತ್ತು ತಿರುಗಿಸಿ ತಿರುಗಿಸಿ ತೋರಿಸಿದೆ.
ತೆಕುರಾ ಆ ಟೋಪಿಯ ಫೋಟೊನ ಅಕ್ಕನಿಗೆ ಕಳಿಸಿಬಿಟ್ಟಿದ್ದಾಳೆ, ಕತ್ತೆ. ಅಕ್ಕನ ಫೋನ್ ಬಂತು. ಕಳ್ಳಿ ಸಿಕ್ಕಿಬಿದ್ದೆ ಅಂದುಕೊಂಡೆ.
"ಎಡಗಡೆ ಬಿಗಿ ಸಾಲದು," ಅಂದಳು.
ನಾನು ಟೋಪಿ ತೆಗೆದು ನೋಡುವಷ್ಟರಲ್ಲಿ ಅವಳೇ ಮುಂದುವರಿಸಿದಳು.
"ಹೆಣೆದು ತೋರಿಸಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ಬಿಚ್ಚಿ ತೋರಿಸಲ್ಲ ಅಂದಿರಲಿಲ್ಲ. ಎಷ್ಟು ನಿಧಾನಕ್ಕೆ ಬಿಚ್ಚಿದೆ ಗೊತ್ತೇನೆ ಪೆದ್ದಿ, ಕೈ ಸೋತುಹೋಯ್ತು. ಇನ್ನೂ ಎರಡು ಟೋಪಿ ಇವೆ. ಅದರಲ್ಲಿ ಯಾವಾಗ ತಪ್ಪು ಹುಡುಕ್ತೀಯ?"
ತೆಕುರಾ ಆಗಲೇ ಕಪ್ಪು ಪರದೆ ತೆರೆದು ಕೂತಿದ್ದಳು. ಕನ್ನಡಕ ಒರೆಸಿಕೊಂಡೆ. "ಅಕ್ಕಾ, ಆ ಕೆಂಪಂಚಿನದು ಇದೆಯಲ್ಲ — ಎರಡನೇ ಸುತ್ತಲ್ಲಿ…"